ಸುಮತಿಗೆ ಸಿಟ್ಟೇ ಬರುವುದಿಲ್ಲವಾ?

ಎರಡು ವರ್ಷದ ಹಿಂದಿನ ಆಟಿ ತಿಂಗಳ, ಅಂದರೆ ಆಷಾಢದ ಮಳೆಗಾಲದ, ಒಂದು ಬುಧವಾರ. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಎಂದಿನ ಹಾಗೆಯೇ ಬೆಳಗಾಯಿತು. ನೀರುದೋಸೆಯ ಹಿಟ್ಟು ಸ್ವಲ್ಪ ದಪ್ಪವಾಗಿತ್ತು, ಇನ್ನಷ್ಟು ನೀರು ಬೆರೆಸಿದೆ. ಯಜಮಾನರು ಬಂಟ್ವಾಳದ ಕಚೇರಿಗೆ ಹೊರಟರು, ಛತ್ರಿ ಮರೆತು ಗೇಟಿನಿಂದ ವಾಪಸು ಬಂದರು. ಒಗೆದ ಬಟ್ಟೆಯನ್ನು ಒಳಗಿನ ಹಗ್ಗದಲ್ಲಿ ಹರಡಿ, ಮಿಕ್ಕ ಕ್ಲಿಪ್ಪುಗಳನ್ನು ಅಡುಗೆಮನೆಯ ಮೇಜಿಗೆ ತಂದೆ. ಹಸ್ತಪ್ರತಿಯ ಹಾಳೆಗಳು ಫ್ಯಾನಿನ ಗಾಳಿಗೆ ಹಾರದ ಹಾಗೆ ಹಿಡಿದಿಡಲು ಬಟ್ಟೆಯ ಕ್ಲಿಪ್ಪಿನಷ್ಟು ಒಳ್ಳೆಯದು ಬೇರೆ ಇಲ್ಲ.

ನಾನು ಗೃಹಿಣಿ. ಅದರ ಜೊತೆಗೆ ಬೆಂಗಳೂರಿನ ಒಂದು ಪ್ರಕಾಶನ ಸಂಸ್ಥೆಗೆ ಕೆಲವು ವರ್ಷಗಳಿಂದ ಹಸ್ತಪ್ರತಿ ಓದಿ ವರದಿ ಬರೆದುಕೊಡುತ್ತೇನೆ. ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಪ್ಯಾರಾನಾರ್ಮಲ್ ಈ ಮೂರು ನನ್ನ ಪಾಲಿನವು. ಅಂದರೆ ಇಲ್ಲದ ಲೋಕದ ಕಥೆ, ಮುಂದೆ ಬರಬಹುದಾದ ವಿಜ್ಞಾನದ ಕಥೆ, ದೆವ್ವ ಪಿಶಾಚಿಗಳ ಕಥೆ. ಕಾನ್ವೆಂಟಿನಲ್ಲಿ ಓದುವಾಗ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು, ಕೈ ಒರೆಸಿ ಪುಸ್ತಕ ಮುಟ್ಟಬೇಕು, ಮುಗಿಸಿದ ಮೇಲೆ ಒಂದು ಮಾತು ಹೇಳಬೇಕು ಎಂಬ ನಿಯಮ ಇಟ್ಟಿದ್ದರು. "ಚಂದ ಉಂಟು ಸಿಸ್ಟರ್" ಎಂದರೆ ಅವರು ಒಪ್ಪುತ್ತಿರಲಿಲ್ಲ. "ಏನು ಚಂದ ಉಂಟು?" ಎಂದು ಕೇಳುತ್ತಿದ್ದರು. ಆ ಅಭ್ಯಾಸವೇ ಈಗ ಕೆಲಸವಾಗಿದೆ. ಮಂಗಳ ಗ್ರಹದಲ್ಲಿ ಒಂದು ಇಡೀ ಊರು ಕಟ್ಟಿದ ಕಾದಂಬರಿಯೊಂದಕ್ಕೆ, "ಇಲ್ಲಿ ಎಲ್ಲರೂ ಉಣ್ಣುತ್ತಾರೆ, ಯಾರೂ ಪಾತ್ರೆ ತೊಳೆಯುವುದಿಲ್ಲ" ಎಂದು ವರದಿ ಬರೆದಿದ್ದೆ. ಲೇಖಕರು ಮೊದಲು ಮುನಿಸಿಕೊಂಡರು, ಆಮೇಲೆ ಒಂದು ಚಂದದ ಅಧ್ಯಾಯವನ್ನೇ ಸೇರಿಸಿದರು.

ಆ ಬುಧವಾರ ಮೇಜಿನ ಮೇಲಿದ್ದದ್ದು ಮಡಂತ್ಯಾರಿನ ವಿನಯಾ ಎಂಬವಳ ಮೊದಲ ಕಾದಂಬರಿ. ಅವಳಿಗೆ ಅಲ್ಲಿ ಮೆಡಿಕಲ್ ಶಾಪ್ ಉಂಟು. ಕಥೆ ಅವಳ ಮನೆಯದ್ದೇ. ಅವಳಿಗಿಂತ ಮೊದಲು ಹುಟ್ಟಿದ ಅಕ್ಕ ಸುಮತಿ ತೊಟ್ಟಿಲಲ್ಲಿರುವಾಗಲೇ ತೀರಿಹೋಗಿದ್ದಳು. ಕಾದಂಬರಿಯಲ್ಲಿ ಈ ಸುಮತಿ ಅದೇ ಮನೆಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾಳೆ. ತನಗಾಗಿ ಬಡಿಸಿದ ಎಲೆಯ ಮುಂದೆ ಕೂತು ಉಣ್ಣುತ್ತಾಳೆ, ತಂಗಿಯ ಹೆಗಲ ಮೇಲಿನಿಂದ ಇಣುಕಿ ಅವಳ ಶಾಲೆಯ ಪಾಠ ಕಲಿಯುತ್ತಾಳೆ. ಕೊನೆಗೆ ಮನೆಯವರು ಅವಳಿಗೆ ಮದುವೆ ಮಾಡುತ್ತಾರೆ.

ಹೊರಗಿನ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಕ್ಕಂದಿನಲ್ಲಿ ತೀರಿಹೋದ ಮಕ್ಕಳು ಆಚೆ ಲೋಕದಲ್ಲಿಯೂ ಬೆಳೆಯುತ್ತಾರೆ ಎಂಬ ನಂಬಿಕೆ ನಮ್ಮ ತುಳುನಾಡಿನ ಅನೇಕ ಕುಟುಂಬಗಳಲ್ಲಿ ಉಂಟು. ಪ್ರಾಯಕ್ಕೆ ಬಂದಾಗ, ಅದೇ ರೀತಿ ಗಂಡು ಮಗುವನ್ನು ಕಳೆದುಕೊಂಡ ಮನೆಯೊಂದನ್ನು ಹುಡುಕಿ ನಿಶ್ಚಿತಾರ್ಥ ಮಾಡಿ, ಆಟಿಯಲ್ಲಿ ಮದುವೆ ಮಾಡುತ್ತಾರೆ. ಸೀರೆ ಉಂಟು, ಧಾರೆ ಉಂಟು, ಊಟ ಉಂಟು. ಮದುವೆಯಾಗದವರು ಮಾತ್ರ ಅದನ್ನು ನೋಡುವಂತಿಲ್ಲ. ಹಾಗಾಗಿ ವಿನಯಾ ತನ್ನ ಅಕ್ಕನ ಮದುವೆಯನ್ನು ನೋಡಿರಲಿಲ್ಲ. ಆ ದಿನ ಅವಳನ್ನು ನಾರಾವಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಕಾದಂಬರಿಯ ಅತ್ಯುತ್ತಮ ಅಧ್ಯಾಯ ಆ ಮದುವೆಯದ್ದು, ಅವಳು ಕಾಣದ ಮದುವೆಯದ್ದು.

ಹತ್ತು ಗಂಟೆಯ ಹೊತ್ತಿಗೆ ಬೆಂಗಳೂರಿನಿಂದ ಸಂಪಾದಕ ರಘುನಂದನ್ ಫೋನ್ ಮಾಡಿದರು.

"ಮೇಡಂ, ಸಾಯಂಕಾಲ ಐದಕ್ಕೆ ಮೀಟಿಂಗ್. ಆ ಮದುವೆ ಕಲ್ಪನೆ ಇದೆಯಲ್ಲ, ಅದ್ಭುತವಾಗಿ ಕಟ್ಟಿದ್ದಾರೆ."

"ಅದು ಕಲ್ಪನೆ ಅಲ್ಲ ಸರ್. ಇಲ್ಲಿ ನಡೆಯುತ್ತದೆ."

"ಹಾಗಾದರೆ ಇನ್ನೂ ಒಳ್ಳೇದು. ಆದ್ರೆ ದೆವ್ವ ಏನೂ ಮಾಡೋದೇ ಇಲ್ಲವಲ್ಲ? ಪ್ಯಾರಾನಾರ್ಮಲ್ ಅಂದ್ರೆ ಓದುಗ ಹೆದರಬೇಕು. ತಂಗಿಗೆ ಬರೋ ಗಂಡುಗಳನ್ನ ಅಕ್ಕ ಓಡಿಸ್ಲಿ, ಸೀರೆ ಸುಡ್ಲಿ. ಲೇಖಕಿ ಒಪ್ಪಿದ್ರೆ ತಗೋತೀವಿ, ಇಲ್ಲಾಂದ್ರೆ ವಾಪಸ್. ನೀವು ಅಲ್ಲೇ ಹತ್ತಿರ ಇದ್ದೀರಲ್ಲ, ಒಮ್ಮೆ ಮಾತಾಡಿ."

ಹಸ್ತಪ್ರತಿ ಓದುವವರು ಬರೆದವರನ್ನು ಭೇಟಿಯಾಗುವ ಪದ್ಧತಿ ಇಲ್ಲ. ಆದರೆ ಫೋನಿನಲ್ಲಿ ಹೇಳುವ ಮಾತೂ ಇದಾಗಿರಲಿಲ್ಲ. ಅವರು ಕೇಳಿದ ಬದಲಾವಣೆ ನನಗೂ ಹಿಡಿಸಲಿಲ್ಲ. ಹಾಗಂತ ಸುಮತಿಯ ವಿಷಯದಲ್ಲಿ ಏನೋ ಒಂದು ಕೊರತೆ ಇದ್ದದ್ದು ನಿಜ, ಎರಡು ಸಲ ಓದಿಯೂ ಅದು ಏನೆಂದು ನನಗೆ ಹಿಡಿದು ಹೇಳಲಾಗುತ್ತಿರಲಿಲ್ಲ. ಅನ್ನಕ್ಕೆ ಒಂದು ಸಾರು ಮಾಡಿಟ್ಟು, ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ವೇಣೂರು ದಾರಿಯ ಬಸ್ಸು ಹಿಡಿದೆ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮಡಂತ್ಯಾರಿಗೆ ಹೋದೆ.

ವಿನಯಾ ಮೂವತ್ತರ ಆಸುಪಾಸಿನ ಹುಡುಗಿ. ಕೌಂಟರಿನ ಗಾಜು ಲಕಲಕ ಹೊಳೆಯುತ್ತಿತ್ತು, ಕೆಮ್ಮಿನ ಔಷಧಿಗಳೆಲ್ಲ ಎತ್ತರದ ಪ್ರಕಾರ ನಿಂತಿದ್ದವು. ನಾನು ಯಾರೆಂದು ಹೇಳಿದ್ದೇ ತಡ, ಅವಳು ಸ್ಟೂಲು ತಂದು ಕೊಟ್ಟು ತಾನು ನಿಂತೇ ಇದ್ದಳು. ಬೆಂಗಳೂರಿನವರು ಹೇಳಿದ್ದನ್ನು ಏನೂ ಬಿಡದೆ ಹೇಳಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, "ಮೊನ್ನೆ ಕೊಟ್ಟದ್ದು ಭಾರೀ ಕಹಿ ಮಗಾ, ಸಿಹಿ ಇರುವುದು ಕೊಡು" ಎಂದರು. "ಸಿಹಿಯದ್ದು ನಿಮಗೆ ಆಗುವುದಿಲ್ಲ ಅಜ್ಜಿ, ಶುಗರ್ ಉಂಟಲ್ಲ" ಎಂದು ಅವರನ್ನು ಕಳಿಸಿಯೇ ವಿನಯಾ ನನ್ನ ಕಡೆ ತಿರುಗಿದಳು.

"ಅದೊಂದು ಆಗುವುದಿಲ್ಲ ಮೇಡಂ. ನನಗೆ ಬಂದ ಎರಡು ಸಂಬಂಧ ತಪ್ಪಿತು. ಒಬ್ಬನ ಮನೆಯವರಿಗೆ ಕಾರು ಬೇಕಿತ್ತು. ಇನ್ನೊಬ್ಬನಿಗೆ ನಾನು ಅಂಗಡಿ ಬಿಡ್ಬೇಕಿತ್ತು. ಆದ್ರೆ ಹೆಸರು ಬಂದದ್ದು ಸುಮತಿಗೆ. ಅಕ್ಕ ಅಡ್ಡ ನಿಂತಿದ್ದಾಳೆ ಅಂತ ಊರೆಲ್ಲ ಹೇಳಿದ್ರು. ಹಾಲು ಕುಡಿಯುವ ಮಗು ಮೇಡಂ ಅವಳು, ಯಾರಿಗೆ ಏನು ಮಾಡಿದ್ದಾಳೆ? ಈಗ ಪುಸ್ತಕದಲ್ಲಿಯೂ ನಾನೇ ಅದನ್ನು ಹೇಳಬೇಕಾ?"

"ಹೇಳುವುದು ಬೇಡ" ಎಂದೆ.

"ಮತ್ತೆ ಅಮ್ಮ ಓದ್ತಾರೆ. ಒಂದೊಂದು ಅಧ್ಯಾಯ ಆದ ಹಾಗೆ ಓದಿದ್ದಾರೆ. ಪುಸ್ತಕ ಆಗದಿದ್ರೆ ಬೇಡ." ಇಷ್ಟು ಹೇಳಿ ಅವಳು ಈಗಾಗಲೇ ನೆಟ್ಟಗಿದ್ದ ಬಾಟಲಿಗಳನ್ನು ಇನ್ನೊಮ್ಮೆ ನೆಟ್ಟಗೆ ಮಾಡತೊಡಗಿದಳು. ಬೇಡ ಎಂದದ್ದು ಬಾಯಿ ಮಾತ್ರ. ಎಷ್ಟೋ ವರ್ಷ ಗಿರಾಕಿಗಳ ನಡುವೆ ಕದ್ದ ಹೊತ್ತಿನಲ್ಲಿ ಬರೆದದ್ದು, ಅದರ ಹಣೆಬರಹ ಸಂಜೆ ಐದಕ್ಕೆ ತೀರ್ಮಾನವಾಗುವುದು ಎಂಬುದು ಅವಳ ಬೆರಳಿನಲ್ಲಿ ಕಾಣುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಅವಳ ತಾಯಿ ಲೀಲಕ್ಕ ಅಂಗಡಿಗೇ ಚಹಾ ತಂದರು. ನಾನು ಮೂಡುಬಿದಿರೆಯಿಂದ ಬಂದದ್ದು, ಹಸ್ತಪ್ರತಿ ಓದಿದವಳು ಎಂದು ಮಗಳು ಪರಿಚಯ ಹೇಳಿದಳು. ಆಮೇಲಿನ ಮಾತೆಲ್ಲ ತುಳುವಿನಲ್ಲಿಯೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ನಾನೂ ಓದಿದ್ದೇನೆ" ಎಂದರು ಲೀಲಕ್ಕ. "ಇವಳಲ್ಲಿ ಕೇಳ್ಲಿಕ್ಕೆ ಮನಸ್ಸಾಗಲಿಲ್ಲ, ನಿಮ್ಮಲ್ಲಿ ಕೇಳ್ತೇನೆ. ಈ ಸುಮತಿಗೆ ಸಿಟ್ಟೇ ಬರುವುದಿಲ್ಲವಾ?"

ವಿನಯಾಳ ಕೈ ನಿಂತಿತು. "ನಿನಗೆ ಬೇಸರ ಆಗಬಾರದು ಅಂತ ಅಮ್ಮ..."

"ಬೇಸರ ಅದೇ. ಹುಟ್ಟಿದ ಮನೆಯಲ್ಲಿ ನೆಂಟರ ಹಾಗೆ ಕೂತಿದ್ದಾಳೆ. ಬಡಿಸಿದ್ದು ಉಣ್ತಾಳೆ, ಕೊಟ್ಟದ್ದು ಉಡ್ತಾಳೆ. ಒಂದು ದಿನವಾದ್ರೂ ಸಾರು ಚಪ್ಪೆ ಅಂತ ಹೇಳಿದ್ದುಂಟಾ? ನೀನು ಒಂದು ಸೀರೆಯ ಬಣ್ಣಕ್ಕೆ ಊಟ ಬಿಟ್ಟು ಕೂತವಳು. ಅವಳೂ ನಾನು ಹೆತ್ತದ್ದೇ ಅಲ್ವಾ?"

"ಹಾಗಾದ್ರೆ ಜನ ಹೇಳಿದ್ದು ಸರಿಯಾ? ಅವಳೇ ಅಡ್ಡ ಬಂದದ್ದಾ?" ವಿನಯಾಳ ಸ್ವರ ಸಣ್ಣದಾಗಿತ್ತು.

"ಜನರದ್ದು ಬಿಡು. ತಂಗಿಗೆ ಮೊದಲು ಗಂಡು ನೋಡ್ತಾರೆ ಅಂತ ಮುಖ ಊದಿಸುವುದು ಬೇರೆ, ತಂಗಿಯ ಬಾಳು ಹಾಳು ಮಾಡುವುದು ಬೇರೆ. ಇದ್ದಿದ್ದರೆ ಅವಳು ಮುಖ ಊದಿಸ್ತಿರಲಿಲ್ವಾ? ನಾನಾದ್ರೂ ಊದಿಸ್ತಿದ್ದೆ." ಹಾಗೆ ಹೇಳಿ ಅವರು ನನ್ನ ಕಡೆ ತಿರುಗಿದರು. "ಚಹಾ ತಣಿತದೆ, ಕುಡೀರಿ."

ನನಗೆ ಎರಡು ಓದಿನಲ್ಲಿ ಕೈಗೆ ಸಿಗದೇ ಇದ್ದದ್ದು ಅದು. ಸುಮತಿ ತುಂಬ ಒಳ್ಳೆಯವಳಾಗಿದ್ದಳು. ಊರವರ ಬಾಯಿಂದ ಅಕ್ಕನನ್ನು ಕಾಪಾಡುವ ಆತುರದಲ್ಲಿ ತಂಗಿ ಅವಳಿಗೆ ಒಂದು ಆಸೆಯನ್ನೂ ಇಡದೆ ಬಿಟ್ಟಿದ್ದಳು.

ಚಹಾ ಕುಡಿಯುತ್ತಾ ಮದುವೆಯ ಅಧ್ಯಾಯದ ಬಗ್ಗೆ ಲೀಲಕ್ಕನನ್ನು ಕೇಳಿದೆ. ಆ ದಿನ ಅಲ್ಲಿದ್ದವರು ಅವರು.

"ಅಲ್ಲಿ ಹಾಗೆಲ್ಲ ಆಗ್ಲಿಲ್ಲ. ಎರಡು ಕುರ್ಚಿ, ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಪಂಚೆ. ಬೇಗ ಮುಗಿಯಿತು. ಇವಳು ಬರೆದದ್ದರಲ್ಲಿ ಸುಮತಿ ನನ್ನನ್ನು ತಿರುಗಿ ನೋಡ್ತಾಳಲ್ಲ, ಹೋಗುವಾಗ." ಲೀಲಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟರು. "ಅದು ಹಾಗೆಯೇ ಇರಲಿ."

ವಿನಯಾ ತಾಯಿಯ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ. ಗಿರಾಕಿಯೊಬ್ಬರು ಬಂದು ಪ್ಯಾರಾಸಿಟಮಾಲ್ ಕೇಳಿದಾಗ ಲೀಲಕ್ಕನೇ ಕೊಟ್ಟರು. ನಾನು ಹೊರಡುವಾಗ ವಿನಯಾ ಬಸ್‌ಸ್ಟಾಪಿನ ತನಕ ಬಂದಳು. "ಜಗಳ ಬರೀತೇನೆ ಮೇಡಂ. ಅವಳು ನನ್ನ ಬಾಚಣಿಗೆ ಅಡಗಿಸಿಡ್ಲಿ, ಗಂಡಿನ ಕಡೆಯವರು ಬರುವ ದಿನವೇ. ಮತ್ತೆ ಅವರು ಅಂಗಳಕ್ಕೆ ಕಾಲಿಡುವ ಮೊದಲು ಅವಳೇ ತಂದಿಡ್ಲಿ. ಆಗಬಹುದಾ?"

"ಸುಮತಿಯನ್ನು ಕೇಳಿ" ಎಂದೆ. ಆ ದಿನ ಮೊದಲ ಸಲ ಅವಳು ನಕ್ಕಳು.

ಗುರುವಾಯನಕೆರೆಯ ಬಸ್ ನಿಲ್ದಾಣದಿಂದ ರಘುನಂದನರಿಗೆ ಫೋನ್ ಮಾಡಿದೆ. ಮೀಟಿಂಗಿಗೆ ಇನ್ನೂ ಸ್ವಲ್ಪ ಸಮಯ ಇತ್ತು. ಸೇಡು ಬೇಡ, ಸೇಡು ಬೇಕೇ ಬೇಕು ಎಂದಾದರೆ ನನ್ನ ವರದಿಯೂ ತಿರಸ್ಕಾರದ್ದೇ ಎಂದೆ. ಅದರ ಬದಲು ಸುಮತಿಗೆ ಆಸೆ, ಹಠ, ಹೊಟ್ಟೆಕಿಚ್ಚು ಎಲ್ಲ ಇರಬೇಕು, ಅದಕ್ಕೆ ಲೇಖಕಿ ಒಪ್ಪಿದ್ದಾರೆ ಎಂದು ಬಾಚಣಿಗೆಯ ಜಗಳವನ್ನೂ ಹೇಳಿದೆ.

"ಬಾಚಣಿಗೆ ಅಡಗಿಸೋದ್ರಲ್ಲಿ ಹೆದರಿಕೆ ಎಲ್ಲಿದೆ ಮೇಡಂ?"

"ಆ ಮನೆಯಲ್ಲಿ ಯಾರೂ ಅವಳಿಗೆ ಹೆದರುವುದಿಲ್ಲ ಸರ್. ಅವಳು ಹೊರಟುಹೋಗ್ತಾಳಲ್ಲ ಅಂತ ಹೆದರ್ತಾರೆ. ಮದುವೆಯ ಅಧ್ಯಾಯ ಓದುವಾಗ ನಿಮಗೆ ಹಾಗೆ ಅನಿಸಲಿಲ್ಲವಾ?"

"ಅನಿಸ್ತು" ಎಂದರು. "ಸರಿ, ನೀವು ಹೇಳಿದ ಹಾಗೇ ಮೀಟಿಂಗಲ್ಲಿ ಹೇಳ್ತೀನಿ. ಆದ್ರೆ ಜಗಳ ಜೋರಾಗಿರ್ಲಿ."

"ಅಕ್ಕತಂಗಿಯರ ಜಗಳ ಸರ್. ಅದರ ಬಗ್ಗೆ ಚಿಂತೆ ಬೇಡ."

ಮರುವರ್ಷ ಪುಸ್ತಕ ಬಂತು. ಓದಿದವರಲ್ಲಿ ಎಷ್ಟು ಮಂದಿ ಹೆದರಿದರೋ ಗೊತ್ತಿಲ್ಲ. ಬಾಚಣಿಗೆಯ ಪ್ರಸಂಗ ಓದಿ ತೀರಿಹೋದ ತಮ್ಮವರ ನೆನಪಾಯಿತು ಎಂದು ಕೆಲವರು ವಿನಯಾಳಿಗೆ ಫೋನ್ ಮಾಡಿದ್ದಾರಂತೆ. ದೆವ್ವವಾಗಲಿ, ಅನ್ಯಗ್ರಹದ ಜೀವಿಯಾಗಲಿ, ಅದಕ್ಕೆ ಏನೆಲ್ಲ ಶಕ್ತಿ ಉಂಟು ಎಂದೇ ನಾನು ಮೊದಲು ನೋಡುತ್ತಿದ್ದೆ. ಈಗ ಅದಕ್ಕೆ ಏನು ಬೇಕಾಗಿದೆ, ಅದು ಸಿಗದಿದ್ದರೆ ಯಾರಲ್ಲಿ ಮುನಿಸಿಕೊಳ್ಳುತ್ತದೆ ಎಂದು ನೋಡುತ್ತೇನೆ. ಈ ಕೆಲಸ ನನಗೆ ಕಲಿಸಿದ ಪಾಠ ಇದು. ಕಲಿಸಿದವರು ಲೀಲಕ್ಕ.

ಆ ಬುಧವಾರ ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ಪಕ್ಕದ ಮನೆಯ ಜುಲಿಯಾನಾ ಬಾಯಿ ಕಂಪೌಂಡಿನ ಆಚೆಯಿಂದ, "ಎಲ್ಲಿಗೆ ಹೋದದ್ದು, ಬೆಳಗ್ಗಿನಿಂದ ಕಾಣಲಿಲ್ಲ?" ಎಂದು ಕೇಳಿದರು. ಅವರ ಗಂಡ ತೀರಿಹೋಗಿ ಆಗ ವರ್ಷ ಕಳೆದಿತ್ತು. ಒಂದು ದೆವ್ವದ ಕಾದಂಬರಿಯ ಕೆಲಸ, ಅಕ್ಕತಂಗಿ ಜಗಳ ಮಾಡುತ್ತಾರೋ ಇಲ್ಲವೋ ಎಂದು ತೀರ್ಮಾನ ಮಾಡಲಿಕ್ಕಿತ್ತು ಎಂದೆ. ಜುಲಿಯಾನಾ ಬಾಯಿ ಸೊಪ್ಪಿನ ಕಟ್ಟು ಬಿಚ್ಚಿ ಹಾಳಾದ ಎಲೆಗಳನ್ನು ಒಂದೊಂದೇ ಕಿತ್ತು ಎಸೆಯುತ್ತಿದ್ದರು. ಒಳಗೆ ಹೋಗುವ ಮೊದಲು ತಿರುಗಿ ಹೇಳಿದರು:

"ನಮ್ಮ ಮನೆಯಲ್ಲಿ ಈಗ ರಿಮೋಟಿಗೆ ಜಗಳ ಮಾಡ್ಲಿಕ್ಕೆ ಜನ ಇಲ್ಲ. ನನಗೆ ಬೇಕಾದ ಸೀರಿಯಲ್ಲೇ ನೋಡ್ತೇನೆ. ಒಂದೂ ಚಂದ ಇಲ್ಲ ಮಾರಾಯ್ತಿ."