ಹೆಸರು ಹಾಕದ ಚಾಚಾ

ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರಿನಂಚಿನಲ್ಲಿ ಸದಾ ಕಪ್ಪು ಕಲೆ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದು. ಉಕ್ಕಿನ ಕಾರ್ಖಾನೆಯ ಎಂಜಿನಿಯರಲ್ಲವೇ, ಗ್ರೀಸ್ ಇರಬೇಕು ಎಂದುಕೊಂಡಿದ್ದೆ. ಅದು ಮಸಿ ಎಂದು ತಿಳಿದದ್ದು ಆಮೇಲೆ. ಹೊಸ ಶತಮಾನದ ಮೊದಲ ವರ್ಷಗಳು ಅವು. ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟು ಅವರದು. ಬಿಜಾಪುರದವರು. ಬೆಂಗಳೂರಿನವಳಾದ ನನ್ನೆದುರು ತಮ್ಮ ಮಾತಿಗೆ ಇಸ್ತ್ರಿ ಹಾಕಿ ಆಡುತ್ತಿದ್ದರು. ಮನಸ್ಸು ತುಂಬಿ ಬಂದಾಗ ಮಾತ್ರ ಇಸ್ತ್ರಿ ಕೆಡುತ್ತಿತ್ತು.

ಚಳಿಗಾಲಕ್ಕೆ ಮುಂಚೆ ಸರೋವರದ ದಂಡೆಯಿಂದ ಜೊಂಡು ಕೊಯ್ದು ತಂದು, ಒಣಗಿಸಿ, ಕಲಮು ಕೆತ್ತುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಉರ್ದು, ಅರಬ್ಬಿ ಸಾಲುಗಳನ್ನು ಚಂದವಾಗಿ ಬರೆಯುವುದು ಅವರ ಹುಚ್ಚು. "ಟೇಬಲ್ ಇವರದ್ದು, ಊಟಕ್ಕೆ ನಮಗ ಸೋಫಾ" ಎಂದು ಗೊಣಗುತ್ತಲೇ ಚಾಚಿ, ಅಲ್ಲಿನವರು ಫಿಕಾ ಎನ್ನುವ ವಿರಾಮದ ಹೊತ್ತಿಗೆ ಕಾಫಿಯ ಜೊತೆ ಚುರುಮುರಿ ಇಡುತ್ತಿದ್ದರು. ಕೆಲಸ ಸಿಗದೆ ಮಂಕಾಗಿ ಕೂತಿದ್ದ ನನ್ನ ಕೈಗೆ ಕಲಮು ಕೊಟ್ಟವರು ಚಾಚಾ. ನಿನ್ನ ಕನ್ನಡವನ್ನೇ ಬರಿ ಎಂದರು. "ಬಿಗಿ ಹಿಡೀಬೇಡ ತಂಗಿ, ಮಸಿಗೆ ದಾರಿ ಬಿಡು." ಪಾಠ ಅಷ್ಟೇ. ಪ್ರತಿ ಶನಿವಾರ ಕೆಳಗಿಳಿದು ಹೋಗುವುದಕ್ಕಾಗಿಯೇ ನಾನು ವಾರವಿಡೀ ಕಾಯುತ್ತಿದ್ದೆ.

ನಾನು ಬರೆದದ್ದಕ್ಕೆ ಹೆಸರು ಹಾಕಹೋದರೆ ತಡೆಯುತ್ತಿದ್ದರು. ತಮ್ಮದಕ್ಕೂ ಹಾಕುತ್ತಿರಲಿಲ್ಲ. ಪರಿಚಯದವರ ಮನೆಗಳ ಗೋಡೆಯ ಮೇಲೆಲ್ಲ ಅವರ ಬರಹವಿತ್ತು, ಒಂದರ ಮೂಲೆಯಲ್ಲೂ ಹೆಸರಿಲ್ಲ. ಕೇಳಿದರೆ ಮಾತು ತೇಲಿಸುತ್ತಿದ್ದರು.

ಒಮ್ಮೆ ಮೂವರೂ ರೈಲು ಹತ್ತಿ ಸ್ಟಾಕ್‌ಹೋಮಿಗೆ ಹೋದೆವು. ಅಲ್ಲಿನ ಮ್ಯೂಸಿಯಮ್ಮೊಂದರಲ್ಲಿ ಆಟೊಮನ್ ಕಾಲದ ತುರ್ಕರ ಕೈಬರಹಗಳ ಸಂಗ್ರಹವಿತ್ತು. ಬಂಗಾರದ ಅಂಚಿನ ಪುಟಗಳನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದರೆ, ಚಾಚಾ ಒಂದು ಸಣ್ಣ ಹಾಳೆಯ ಮುಂದೆ ನಿಂತವರು ಕದಲಲೇ ಇಲ್ಲ.

"ಮ್ಯಾಲಿಂದು ಶಿಷ್ಯ ಬರದದ್ದು. ಕೆಳಗಿಂದು ಉಸ್ತಾದರು ಬರದದ್ದು, ಇವ ಇನ್ನ ತನ್ನ ಹೆಸರು ಹಾಕಬಹುದು ಅಂತ. ಇದು ಸಿಗೋತನಕ ಯಾರೂ ಹೆಸರು ಹಾಕಂಗಿಲ್ಲ."

"ನಿಮಗೆ ಸಿಗ್ಲಿಲ್ವಾ ಚಾಚಾ?"

"ಇನ್ನೊಂದು ವರ್ಷ ಕೂಡು ಅಂದ್ರು ನಮ್ಮ ಉಸ್ತಾದರು. ನನಗ ಇಂಜಿನಿಯರಿಂಗ್ ಸೀಟ್ ಬಂತು, ಹೋದೆ. ತಿರುಗಿ ಬರೂದ್ರಾಗ ಅವರೇ ಇರಲಿಲ್ಲ."

ಚಾಚಿ ಬಂದು ಚಾಚಾರ ತೋಳು ಹಿಡಿದು, "ನಡೀರಿ, ಕಾಫಿ ಕುಡಿಯೂಣು" ಎಂದರು.

ಮುಂದಿನ ಶನಿವಾರ ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾವ ಅಕ್ಷರಕ್ಕೂ ಬೈಯಲಿಲ್ಲ. ಕಲಮು ಎತ್ತಿಕೊಂಡು, ನನ್ನ ಬರಹದ ಕೆಳಗೆ ಕನ್ನಡದಲ್ಲೇ ಬರೆದರು: ಇದನ್ನು ಬರೆದವಳು ಇನ್ನು ತನ್ನ ಹೆಸರು ಹಾಕಬಹುದು.

"ನಿಮಗೇ ಪರ್ಮಿಷನ್ ಇಲ್ಲ, ನನಗೆ ಹೇಗೆ ಕೊಡ್ತೀರಾ?" ಎಂದು ಕಾಲೆಳೆದೆ.

"ಅದು ಅರಬ್ಬಿಗೆ. ಕನ್ನಡ ಬರಿಯಾಕ ಯಾರನ್ನ ಕೇಳಬೇಕು?" ಎಂದು ನಕ್ಕರು. ಆಮೇಲೆ ಹಾಳೆಯನ್ನು ಮತ್ತೆ ತಮ್ಮತ್ತ ಎಳೆದುಕೊಂಡರು. ಅಪ್ಪಣೆ ಕೊಟ್ಟ ಗುರುವಿನ ಹೆಸರಿಲ್ಲದಿದ್ದರೆ ಆ ಅಪ್ಪಣೆ ನಡೆಯುವುದಿಲ್ಲವಲ್ಲ. ಕಲಮನ್ನು ಮತ್ತೆ ಮಸಿಗೆ ಅದ್ದಿದರು. ಅವಸರವಿಲ್ಲದೆ, ಕನ್ನಡದಲ್ಲಿ, ತಮ್ಮ ಹೆಸರು ಬರೆದರು. ಚಾಚಿ ಒಲೆ ಆರಿಸಿ ಬಂದು ನೋಡಿದರು, ಅಂದು ಮಾತ್ರ ಮೇಜಿನ ಬಗ್ಗೆ ಏನೂ ಅನ್ನಲಿಲ್ಲ.

ಚಾಚಾ ಈಗಿಲ್ಲ. ಮದುವೆ ಕರೆಯೋಲೆಗಳಿಗೆ, ಪುಸ್ತಕದ ಮುಖಪುಟಗಳಿಗೆ ಅಕ್ಷರ ಬರೆಯುವುದೇ ಇಂದು ನನ್ನ ಕೆಲಸ. ಪ್ರತಿಯೊಂದರ ಮೂಲೆಯಲ್ಲೂ ನನ್ನ ಹೆಸರಿದೆ. ಅವರ ಹೆಸರಿರುವುದು ಒಂದೇ ಒಂದು ಹಾಳೆಯಲ್ಲಿ. ಅದು ನನ್ನ ಮನೆಯ ಗೋಡೆಯ ಮೇಲಿದೆ.