ಗಾಳಿಯ ಪುಸ್ತಕ ಓದಿಸಿದ ಲೈಬ್ರರಿ ಮಿಸ್

ಕಳೆದ ವಾರ ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಸಲು ಬೈಂಡಿಂಗ್ ಅಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಮೈದಾ ಅಂಟು ಕಾಯಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಬೆಂದ ಹಿಟ್ಟಿನ ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಲೈಬ್ರರಿ ಮಿಸ್ ನೆನಪಾದರು. ಅವರ ಸೆರಗಿಗೆ ಸದಾ ಅದೇ ವಾಸನೆ...

ನಗರದ ಗೋಕುಲಂ ಬಡಾವಣೆ ಮುಗಿದು ಹಿನಕಲ್ ಊರಿನ ಕಡೆಗೆ ಹೊರಳುವಲ್ಲಿ ನಮ್ಮ ಅನುದಾನಿತ ಶಾಲೆ ಇದೆ. ಆಗ ನಾನು ಆರನೇ ತರಗತಿಯ ಕ್ಲಾಸ್ ಟೀಚರ್. ಅವರು ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಮಾತು ಒರಟು. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದ ಮಕ್ಕಳನ್ನು ಎಬ್ಬಿಸಿ ನಲ್ಲಿಗೆ ಅಟ್ಟುತ್ತಿದ್ದರು. ಕಥೆ ಪುಸ್ತಕ ಕೇಳಿದರೆ ಕೊಡುತ್ತಿದ್ದರು, ಆದರೆ ಮುಖ ಸಿಂಡರಿಸಿಕೊಂಡು.

"ಕಥೆ ಹೇಳೋಕೆ ಮನೇಲಿ ಅಜ್ಜಿ ಇರ್ತಾರೆ, ಟೀವಿ ಇರುತ್ತೆ. ಇರೋದನ್ನ ಇದ್ದಂಗೆ ಹೇಳೋರು ಈ ಮಕ್ಕಳಿಗೆ ಯಾರಿದಾರೆ ಹೇಳಿ ಮೇಡಂ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು.

ಓದಿನ ಹೊಸ ಮಾನದಂಡಗಳ ಸುತ್ತೋಲೆ ಬಂದ ವರ್ಷ ಅದು. ಮಕ್ಕಳು ಗಟ್ಟಿಯಾಗಿ ಓದಿದರೆ ಸಾಲದು, ಓದಿದ್ದು ಅರ್ಥವಾಗಿರಬೇಕು. ಕಥೆ, ಪದ್ಯಗಳ ಜೊತೆ ಮಾಹಿತಿ ಕೊಡುವ ಬರಹಗಳನ್ನೂ ಓದಬೇಕು. ಉತ್ತರ ಹೇಳಿದರೆ ಅದು ಬರಹದಲ್ಲಿ ಎಲ್ಲಿದೆ ಎಂದು ತೋರಿಸಬೇಕು. ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸುವುದೇ ಅಭ್ಯಾಸವಾಗಿದ್ದ ನಮಗೆಲ್ಲ ತಲೆ ಕೆಟ್ಟುಹೋಯಿತು. ಲೈಬ್ರರಿ ಮಿಸ್ ಮಾತ್ರ ಸುತ್ತೋಲೆಯನ್ನು ಕೊನೆಯವರೆಗೂ ಓದಿ, "ವಾರಕ್ಕೊಂದು ಪೀರಿಯಡ್ ನಂಗೆ ಕೊಡಿ. ಮುಂದಿನ ಪಾಠ ಯಾವ್ದು ಅಂತ ಮೊದಲೇ ಹೇಳ್ಬುಡಿ, ಸಾಕು" ಎಂದರು.

ಕನ್ನಡದಲ್ಲಿ ಆ ಬಗೆಯ ಮಕ್ಕಳ ಪುಸ್ತಕ ಸಿಗುವುದೇ ಕಷ್ಟ. ಅವರು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನೇರವಾಗಿ ಗೋಕುಲಂಗೆ ನಡೆಯುತ್ತಿದ್ದರು. ಯೋಗ ಕಲಿಯಲು ಬಂದ ವಿದೇಶಿಯರು ಊರಿಗೆ ಮರಳುವಾಗ ತಮ್ಮ ಮಕ್ಕಳ ಪುಸ್ತಕಗಳನ್ನು ಬಾಡಿಗೆ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಜೇನುಹುಳದ್ದು, ಮೂಳೆಗಳದ್ದು, ಸೇತುವೆ ಕಟ್ಟುವುದರದ್ದು. ಅವನ್ನು ಚೀಲದಲ್ಲಿ ತುಂಬಿಕೊಂಡು ತಂದು, ಇಂಗ್ಲಿಷ್ ಸಾಲುಗಳ ಮೇಲೆ ದುಂಡಗೆ ಕನ್ನಡದಲ್ಲಿ ಬರೆದ ಚೀಟಿಗಳನ್ನು ಅಂಟಿಸುತ್ತಿದ್ದರು. ನಾನು ನೀರಿನ ಪಾಠ ಮಾಡುವ ವಾರ ನೀರಿನ ಪುಸ್ತಕಗಳು ಮೇಜಿನ ಮೇಲೆ ಹರಡಿರುತ್ತಿದ್ದವು. ಪರಿವಿಡಿ ನೋಡುವುದು, ಚಿತ್ರದ ಕೆಳಗಿನ ಸಾಲು ಓದುವುದು, ಎರಡು ಪುಸ್ತಕ ಎರಡು ಥರ ಹೇಳಿದರೆ ಮೂರನೆಯದನ್ನು ತೆಗೆದು ನೋಡುವುದು, ಎಲ್ಲವನ್ನೂ ಬೈದು ಬೈದು ಕಲಿಸಿದರು. ಯಾವ ಮಗು ಏನು ಹೇಳಿದರೂ ಅವರದು ಒಂದೇ ಮಾತು. "ಎಲ್ಲಿ ಬರ್ದಿದೆ, ತೋರ್ಸು."

ನನ್ನ ತರಗತಿಯಲ್ಲಿ ಹಿನಕಲ್‌ನಿಂದ ಬರುವ ಹುಡುಗಿಯೊಬ್ಬಳಿದ್ದಳು. ತಾಯಿ ಗೋಕುಲಂ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು, ತಂದೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. ಹುಡುಗಿ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೆವರುತ್ತಿದ್ದಳು. ಕಥೆ ಓದು ಎಂದರೆ ಕಿಟಕಿಯ ಕಡೆ ನೋಡುತ್ತಿದ್ದಳು. ಅಂಥವಳು ಗಾಳಿಯ ಬಗ್ಗೆ ಇದ್ದ ಒಂದು ಪುಸ್ತಕಕ್ಕೆ ಅಂಟಿಕೊಂಡುಬಿಟ್ಟಳು. ಯಾಕೆ ಅದಕ್ಕೇ ಎಂದು ನನಗೆ ಗೊತ್ತಾಗಲಿಲ್ಲ. ಲೈಬ್ರರಿ ಮಿಸ್ ಕೇಳಿದಾಗ, "ಇದ್ರಲ್ಲಿ ಮುಂದೇನಾಗುತ್ತೆ ಅಂತ ಹೆದ್ರಿಕೆ ಇಲ್ಲ ಮಿಸ್" ಅಂದಳಂತೆ.

ಓದಿನ ಮಟ್ಟ ಪರೀಕ್ಷಿಸಲು ಅಧಿಕಾರಿಗಳು ಬಂದಾಗ ಅದೇ ಹುಡುಗಿಯನ್ನು ಎಬ್ಬಿಸಿದರು. ಅವಳು ಆ ಪುಸ್ತಕದ ಒಂದು ಪುಟವನ್ನು ನಿಧಾನವಾಗಿ, ತಡವರಿಸದೆ ಓದಿದಳು. ಬಹಳ ಕಾಲ ಮುಚ್ಚಿಟ್ಟ ಬಾವಿ, ಗುಂಡಿ, ತೊಟ್ಟಿಗಳಲ್ಲಿ ಉಸಿರಾಡುವ ಗಾಳಿ ಇರದೆ ಹೋಗಬಹುದು, ವಿಷದ ಗಾಳಿ ತುಂಬಿರಬಹುದು, ಪರೀಕ್ಷಿಸದೆ ಯಾರೂ ಇಳಿಯಬಾರದು ಎಂದಿತ್ತು ಅಲ್ಲಿ. ಯಾಕೆ ಇಳಿಯಬಾರದು ಎಂದು ಅಧಿಕಾರಿ ಕೇಳಿದರು. ಅವಳು ಉತ್ತರ ಹೇಳಿ, ಯಾರೂ ಕೇಳದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಶಾಲೆಗೆ ಒಳ್ಳೆಯ ಹೆಸರು ಬಂತು. ಲೈಬ್ರರಿ ಮಿಸ್ ಅಂದು ಮೊದಲ ಬಾರಿಗೆ ಎಲ್ಲರೆದುರು ನಕ್ಕದ್ದು ನೋಡಿದೆ.

ಪುಸ್ತಕ ಮನೆಗೂ ಹೋಯಿತು. ಮುಂದಿನ ಪೋಷಕರ ಸಭೆಗೆ ಅವಳ ತಂದೆ ಬಂದರು. ಸಣ್ಣ ಆಳು. ಉಗುರುಗಳ ಸುತ್ತ ಕಪ್ಪು ಕಚ್ಚಿಕೊಂಡಿತ್ತು. ನನಗೆ ನಮಸ್ಕಾರ ಮಾಡಿ, ಲೈಬ್ರರಿ ಮಿಸ್ ಯಾರೆಂದು ಕೇಳಿ ಅವರ ಹತ್ತಿರ ಹೋದರು. ನಾನೂ ಜೊತೆಗಿದ್ದೆ.

"ಮಗ್ಳು ಓದಿ ಏಳಿದ್ಲು ಮೇಡಂ," ಎಂದರು. "ಎಲ್ಲಾ ಸರ್ಯಾಗೇ ಬರ್ದವ್ರೆ. ನಾನು ಇಳಿಯೋದೂ ಅಂಥ ತೊಟ್ಟಿಗೇಯ. ಕಾರ್ಖಾನೆ ಕೊಳಚೆ ನೀರಿಂದು. ಈಗ ದಿನಾ ಬೆಳಿಗ್ಗೆ ಬಾಗ್ಲಿಗೆ ಅಡ್ಡ ನಿಂತ್ಕತಾಳೆ, ಓಗ್ಬೇಡ ಅಂತಾಳೆ. ನೀವು ಒಂದು ಮಾತು ಬುದ್ಧಿ ಏಳಿ ಅವ್ಳಿಗೆ."

ಲೈಬ್ರರಿ ಮಿಸ್ ಕುರ್ಚಿಯಿಂದ ಎದ್ದರು. "ಇಳೀಬೇಡಿ ಕಣ್ರೀ. ಅವ್ಳು ಹೇಳ್ತಿರೋದೇ ಸರಿ."

"ಸರಿ ಅಂತ ನಂಗೂ ಗೊತ್ತು. ಇಳಿಯಲ್ಲ ಅಂದ್ರೆ ನಾಳೆ ಬರ್ಬೇಡ ಅಂತಾರೆ. ಇನ್ನೊಬ್ಬ ಇಳೀತಾನೆ."

ಮಿಸ್ ಆ ಪುಟವನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿ, ಮೇಸ್ತ್ರಿಗೆ ತೋರಿಸಿ ಎಂದು ಅವರ ಕೈಗಿತ್ತರು. ಅವರು ತೋರಿಸಿದರಂತೆ. ಮೇಸ್ತ್ರಿ ಅದನ್ನು ಓದಿ, ಮಗಳು ಚೆನ್ನಾಗಿ ಓದುತ್ತಾಳಾ ಎಂದು ಕೇಳಿದನಂತೆ.

ದಸರಾ ರಜೆಗೆ ಇನ್ನೇನು ಕೆಲವೇ ದಿನ ಇತ್ತು. ತೊಟ್ಟಿಗೆ ಮೊದಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಹುಡುಗಿಯ ತಂದೆ ಇಳಿದರು. ಇಬ್ಬರನ್ನೂ ಹಗ್ಗ ಕಟ್ಟಿ ತೆಗೆದರು... ನಾವಿಬ್ಬರೂ ಹಿನಕಲ್‌ಗೆ ಹೋದೆವು. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಹಣೆಬರಹ ಎಂದವರು ಕೆಲವರು, ಅವನು ಯಾಕೆ ಇಳಿಯಲು ಹೋದ ಎಂದವರು ಕೆಲವರು. ಲೈಬ್ರರಿ ಮಿಸ್ ಹುಡುಗಿಯ ಪಕ್ಕ ನೆಲದ ಮೇಲೆ ಕೂತು, ಹೆಣ ಎತ್ತುವವರೆಗೂ ಏಳಲಿಲ್ಲ.

ರಜೆ ಮುಗಿದ ಮೇಲೆ ಹುಡುಗಿ ಬಂದು ಪುಸ್ತಕ ಹಿಂತಿರುಗಿಸಿದಳು.

"ಮಿಸ್, ಇದ್ರಲ್ಲಿರೋದು ಕಾರ್ಖಾನೆಯೋರಿಗೂ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ."

"ಮತ್ತೆ ಯಾಕೆ ಇಳಿಸಿದ್ರು?"

ಮಿಸ್ ಪುಸ್ತಕ ಇಸಿದುಕೊಂಡು ಅದರ ರಟ್ಟು ಸವರಿದರು. ಆಮೇಲೆ, "ನಂಗೊತ್ತಿಲ್ಲ ಕಣಮ್ಮ. ಹಂಗೆ ಇಳಿಸ್ಬಾರ್ದು ಅಂತ ಎಲ್ಲಾದ್ರೂ ಬರ್ದಿದ್ಯಾ ಹುಡುಕೋಣ" ಎಂದರು.

ಬರೆದಿತ್ತು. ವಕೀಲರ ಕಛೇರಿಗಳಿಗೆ ಅಲೆದು, ಅಂಥ ಕಡೆ ಮನುಷ್ಯರನ್ನು ಹಾಗೇ ಇಳಿಸಬಾರದೆಂಬ ಕಾನೂನಿನ ಸಾಲುಗಳನ್ನು ತಂದರು. ಬಿಡಿಸಿ ಬಿಡಿಸಿ ಮಕ್ಕಳ ಕನ್ನಡಕ್ಕೆ ತಂದು, ಹಾಳೆಗಳನ್ನು ಹೊಲಿದು, ರಟ್ಟು ಹಾಕಿ ತೆಳುವಾದ ಪುಸ್ತಕ ಮಾಡಿದರು. ಅದು ನಾನು ಕಂಡ ಅತ್ಯಂತ ಸರಳವಾದ ಕನ್ನಡ. ಹುಡುಗಿಯ ತಾಯಿಯನ್ನು ಸಂಜೆ ಶಾಲೆಗೆ ಕರೆಸಿ, ಮಗಳ ಕೈಯಲ್ಲೇ ಅದನ್ನು ಓದಿಸಿದರು. ಆ ತಾಯಿ ಕಾರ್ಖಾನೆಯವರ ಮೇಲೆ ದೂರು ಕೊಟ್ಟರು. ಆಮೇಲೆ ಮಿಸ್ ಅದನ್ನೇ ಓದಿನ ಪೀರಿಯಡ್‌ನಲ್ಲಿ ಏಳನೇ ತರಗತಿಯವರ ಮುಂದೆ ಇಟ್ಟರು. ಆ ಮಕ್ಕಳ ಅಪ್ಪಂದಿರೂ ಎಲ್ಲೆಲ್ಲೋ ಇಳಿಯುವವರೇ, ಹತ್ತುವವರೇ. ಮಕ್ಕಳು ಮನೆಗೆ ಹೋಗಿ ಪ್ರಶ್ನೆ ಕೇಳತೊಡಗಿದರು.

ನಮ್ಮ ಆಡಳಿತ ಮಂಡಳಿಯಲ್ಲಿದ್ದ ಒಬ್ಬರಿಗೆ ಕಡಕೊಳದ ಆ ಕಾರ್ಖಾನೆಗೆ ಆಳು ಒದಗಿಸುತ್ತಿದ್ದ ಗುತ್ತಿಗೆದಾರ ನೆಂಟ. ಮಿಸ್‌ರನ್ನು ಕರೆಸಿದರು. ನಾನು ಹೇಳದೆ ಕೇಳದೆ ಹಿಂದೆಯೇ ಒಳಗೆ ಹೋದೆ. "ಮಕ್ಕಳಿಗೆ ಇದೆಲ್ಲ ಯಾಕೆ ಬೇಕು? ಪ್ರಾಣಿ ಪಕ್ಷಿ ಓದ್ಸಿ," ಎಂದರು ಆ ಮನುಷ್ಯ.

"ಹೊಸ ಮಾನದಂಡದಲ್ಲೇ ಇದೆ ಸಾರ್. ಮಾಹಿತಿ ಓದ್ಬೇಕು, ಅರ್ಥ ಮಾಡ್ಕೋಬೇಕು, ತಮ್ಮ ಬದುಕಿಗೆ ಹೊಂದಿಸ್ಕೋಬೇಕು. ಎಲ್ಲಿ ಬರ್ದಿದೆ ತೋರಿಸ್ಲಾ?" ಎಂದು ಮಿಸ್ ಸುತ್ತೋಲೆ ತೆಗೆದರು.

ಅದನ್ನು ಯಾರೂ ಮುಟ್ಟಲಿಲ್ಲ. ನಾನೂ ಮಾತಾಡಿದೆ. ನಿಮ್ಮ ತರಗತಿ ನೋಡಿಕೊಳ್ಳಿ ಎಂದರು. ಕ್ರಿಸ್‌ಮಸ್ ರಜೆಯಿಂದ ಬರುವಷ್ಟರಲ್ಲಿ ಲೈಬ್ರರಿಯ ಕಪಾಟುಗಳು ಖಾಲಿ. ಪುಸ್ತಕಗಳು ಗೋಣಿಚೀಲಗಳಲ್ಲಿ ಮೆಟ್ಟಿಲ ಕೆಳಗೆ. ಕೋಣೆ ಓದಿನ ಪರೀಕ್ಷೆಯ ತಯಾರಿಗೆ ಬೇಕಂತೆ. ಮಿಸ್‌ರನ್ನು ಆಫೀಸಿನಲ್ಲಿ ಹಾಜರಾತಿ ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಕೂರಿಸಿದರು. ದೂರು ಎಲ್ಲಿಗೂ ಮುಟ್ಟಲಿಲ್ಲ. ಯಾವುದೋ ಸಹಿಗಾಗಿ ಕಾದು ಕಾದು ಸಾಕಾಗಿ, ಬೇಸಿಗೆಯ ಹೊತ್ತಿಗೆ ತಾಯಿ ಮಗಳು ಹಿನಕಲ್ ಬಿಟ್ಟು ಎಲ್ಲಿಗೋ ಹೋದರು. ಟೀಸಿ ಕೇಳಲೂ ಬರಲಿಲ್ಲ.

ಮಿಸ್ ಮುಂದಿನ ವರ್ಷ ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ ಇತ್ತು, ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು. ಕೊನೆಯ ಬಾರಿ ನೋಡಲು ಹೋದಾಗ ಆಸ್ಪತ್ರೆಯ ಮಂಚದ ಮೇಲೆ ಅವರು ಇಷ್ಟೇ ಇಷ್ಟಾಗಿದ್ದರು. "ಆ ಮಗು ಓದ್ತಿದ್ಯಾ?" ಎಂದರು. ಗೊತ್ತಿಲ್ಲ ಎಂದೆ. ಗೋಡೆಯ ಕಡೆ ತಿರುಗಿಕೊಂಡರು. ಚರ್ಚಿನ ಸ್ಮಶಾನದಲ್ಲಿ ಮಣ್ಣು ಹಾಕಲು ಅವರ ಅಣ್ಣನ ಮನೆಯವರು, ನಾವು ಕೆಲವು ಟೀಚರುಗಳು, ಅಷ್ಟೇ ಇದ್ದದ್ದು.

ಈಗ ನಮ್ಮ ಶಾಲೆಯ ಓದಿನ ಫಲಿತಾಂಶ ಚೆನ್ನಾಗಿದೆ. ಮಕ್ಕಳು ಪರೀಕ್ಷೆಗೆಂದು ಕೊಟ್ಟ ತುಣುಕುಗಳನ್ನು ಓದಿ, ಸರಿ ಉತ್ತರಕ್ಕೆ ಗುರುತು ಹಾಕುತ್ತಾರೆ. ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ ಮಗು ನನ್ನ ತರಗತಿಯಲ್ಲಿ ಇಲ್ಲ.

ಬೈಂಡಿಂಗ್ ಅಂಗಡಿಯಿಂದ ಬಂದ ಮರುದಿನವೇ ಸಿಟಿ ಬಸ್ ನಿಲ್ದಾಣದಲ್ಲಿ ಯಾರೋ "ಮಿಸ್" ಎಂದರು. ಗುರುತು ಸಿಗಲಿಲ್ಲ. ಬಟ್ಟೆ ಅಂಗಡಿಯ ಸಮವಸ್ತ್ರ ತೊಟ್ಟ ತರುಣಿ. ಹಿನಕಲ್ ಎಂದ ಮೇಲೆ ತಿಳಿಯಿತು. ಹತ್ತನೇ ತರಗತಿಗೆ ಓದು ಬಿಟ್ಟಳಂತೆ. ಅಮ್ಮನಿಗೆ ಮಂಡಿ ನೋವು, ಈಗ ಇವಳದೇ ದುಡಿಮೆ. ಬಸ್ಸು ಬರುವ ಕಡೆ ನೋಡುತ್ತ ಕೇಳಿದಳು. "ಲೈಬ್ರರಿ ಮಿಸ್ ಹೆಂಗವ್ರೆ ಮಿಸ್? ಒಂದ್ಸಲ ಬರ್ಬೇಕು ಅಂತ ಇದೀನಿ, ರಜಾನೇ ಸಿಗಲ್ಲ."

ಹೇಳಿದೆ. ಬೇರೆ ಹೇಗೆ ಹೇಳುವುದೋ ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಳಲಿಲ್ಲ. ಬಸ್ಸು ಬಂತು, ಜನ ನುಗ್ಗಿದರು, ಅವಳು ಹತ್ತಲಿಲ್ಲ.

"ನಂಗ್ಯಾರೂ ಹೇಳ್ಲೇ ಇಲ್ವಲ್ಲ ಮಿಸ್," ಎಂದಳು.