ಅಕ್ಕನ ಗದ್ದದ ಕೂದಲು

ಹದಿನೆಂಟು ತುಂಬುವ ಹೊತ್ತಿಗೆ ಅಕ್ಕನ ಗದ್ದದ ಮೇಲೆ ಕೂದಲು ಬಂತು. ಮೊದಲು ಎಳೆ ಎಳೆಯಾಗಿ, ಆಮೇಲೆ ಕಪ್ಪಗೆ, ಒರಟಾಗಿ. ಸಿಂಧನೂರಿನ ನಮ್ಮ ಓಣಿಯಲ್ಲಿ ಅವಳು ಸೆರಗು ಕಚ್ಚಿಕೊಂಡೇ ನೀರಿಗೆ ಹೋಗುತ್ತಿದ್ದಳು.

ಎರಡು ವರ್ಷ ಕಳೆದು ನಾನು ಗುಲ್ಬರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಬಂದಾಗ ಅವಳಿಗೆ ಹೇಳಿದೆ: ಗಂಡಸರಿಗೆ ಗಡ್ಡ ಬರಿಸುವ ಆಂಡ್ರೊಜನ್ ಎಂಬ ಹಾರ್ಮೋನು ಹೆಂಗಸರ ಅಂಡಾಶಯದಲ್ಲೂ, ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೂ ಸ್ವಲ್ಪ ಹುಟ್ಟುತ್ತದೆ. ಕಂಕುಳ ಕೂದಲಿಗೂ, ಎಲುಬಿನ ಬಲಕ್ಕೂ ಅದು ಬೇಕು. ಕೆಲವರಲ್ಲಿ ಹೆಚ್ಚಾಗುತ್ತದೆ, ಅಷ್ಟೇ.

"ಹಂಗಾರ ನಾ ಅರ್ಧ ಗಂಡಸೇನು?"

"ಎಲ್ಲಾರೊಳಗೂ ಇರ್ತದ ಅಕ್ಕಾ. ನನ್ನೊಳಗೂ ಅದ, ಅವ್ವನೊಳಗೂ ಅದ."

"ಅವ್ವನೊಳಗ ಒಂದ್ ಕೊಡ ಇರಬೇಕು. ಅಪ್ಪ ಅಕಿ ಮುಂದ ಮಾತಾಡೋದ ಬಿಟ್ಟಾನ." ಇಬ್ಬರೂ ನಕ್ಕೆವು.

ಮಸ್ಕಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗೋಡೆಗೆ ಹೊಡೆಯಲೆಂದು ಅವ್ವ ಅಂಗಳದ ಬಾನಿಯಲ್ಲಿ ಸುಣ್ಣದ ಕಲ್ಲು ಹಾಕಿ, ಮನೆಯಲ್ಲಿದ್ದ ನೀರನ್ನೆಲ್ಲ ಅದಕ್ಕೇ ಸುರಿದಿದ್ದಳು. ಲಿಂಗಸೂಗೂರಿನಿಂದ ಬಂದ ಸೋದರತ್ತೆ ಹರಿತಾಳ ತಂದಿದ್ದಳು. ಆ ಹಳದಿ ಕಲ್ಲನ್ನು ಸುಣ್ಣದೊಡನೆ ಅರೆದು ಹಚ್ಚಿದರೆ ಕೂದಲು ಉದುರುತ್ತದೆಂದು ಹೆಂಗಸರು ಗುಟ್ಟಾಗಿ ಬಳಸುತ್ತಿದ್ದರು. ಬೆರೆಸುತ್ತಿದ್ದದ್ದು ಎಲೆ-ಅಡಿಕೆಯ ಸುಣ್ಣ. ಅಂದು ಆ ಡಬ್ಬಿ ಖಾಲಿಯಿತ್ತು. ಅತ್ತೆ ಬಾನಿಯಲ್ಲಿ ಇನ್ನೂ ಕುದಿಯುತ್ತಿದ್ದ ಗೋಡೆಯ ಸುಣ್ಣವನ್ನೇ ತೆಗೆದುಕೊಂಡಳು.

"ಅತ್ತೀ, ಹರಿತಾಳ ವಿಷ. ಮುಖಕ್ಕ ಬ್ಯಾಡ್ರಿ."

"ನಾವೆಲ್ಲ ಹಚ್ಚಿಕೊಂಡು ಸತ್ತೀವೇನು? ಸುಮ್ಮಕಿರು, ಕಾಲೇಜಿನಾಕಿ!"

ಅಕ್ಕನೇ ಗದ್ದ ಮುಂದೆ ಮಾಡಿದಳು.

ಹಚ್ಚಿದ ಸ್ವಲ್ಪ ಹೊತ್ತಿಗೇ ಚೀರಿದಳು. ತೊಳೆಯಲು ಕೊಡದಲ್ಲಿ ನೀರಿಲ್ಲ. ಓಣಿಯ ಹಿಂದಿನ ಕಾಲುವೆಗೆ ಓಡಿದಳು, ಹಿಂದೆ ನಾನು. ಮೆಟ್ಟಿಲ ಮೇಲೆ ಬಗ್ಗಿ ಮುಖ ಮುಳುಗಿಸಿದಳು. ನಾನು ಸೊಂಟ ಹಿಡಿದಿದ್ದೆ. ಎತ್ತಿದಳು, ಮತ್ತೆ ಮುಳುಗಿಸಿದಳು. ಈ ಸಲ ಎತ್ತಲಿಲ್ಲ. ಅವಳ ಕಾಲು ಮೆಟ್ಟಿಲು ಬಿಟ್ಟಿತು. ಜಗ್ಗಿದೆ. ತಲೆ ಹೊರಗೆ ಬಂದಾಗ ಅವಳು ಅಂದದ್ದು ಇಷ್ಟೇ: "ಬಿಡು."

ಬಿಡಲಿಲ್ಲ. ಇಬ್ಬರೂ ಹಿಂದಕ್ಕೆ, ಕಲ್ಲಿನ ಮೇಲೆ ಬಿದ್ದೆವು. ಈಗಲೂ ನೆನೆದ ಸೀರೆ ಹಿಂಡುವಾಗ ಆ ಭಾರ ಮುಂಗೈಗೆ ಬಂದುಬಿಡುತ್ತದೆ. ಕೈ ಬಿಟ್ಟಿದ್ದರೆ ಅನ್ನಿಸಿ ನಿಂತುಬಿಡುತ್ತೇನೆ.

ಮಸ್ಕಿಯವರಿಗೆ ಬರಬೇಡಿರೆಂದು ಹೇಳಿಕಳಿಸಿದರು. ಗಾಯ ಮಾಯಿತು, ಕಲೆಯ ಸುತ್ತ ಕೂದಲು ಮತ್ತೆ ಬಂತು. ಅವಳು ಅಂದ ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಅವಳೂ ಎತ್ತಲಿಲ್ಲ. ಒಂದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆವು.

ಒಂದು ಮುಂಜಾನೆ ಅವಳು ಅಪ್ಪನ ದಾಡಿ ಮಾಡುವ ಪೆಟ್ಟಿಗೆ ಎತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲಿಗೆ ಬೆನ್ನು ಹಚ್ಚಿ ಕೂತೆ. ಒಳಗೆ ಬ್ಲೇಡಿನ ಸರಸರ ಸದ್ದು. ನಿಂತಿತು.

"ಅಕ್ಕಾ?"

ಕೂತಲ್ಲೇ ಬಾಗಿಲು ಬಡಿದೆ.

"ಅಕ್ಕಾ!"

"ಬಾಯಾಗ ಸಾಬೂನು ಹೋಗ್ಯದ, ತಡಿ!"

ಚಿಲಕ ತೆಗೆಯುವವರೆಗೂ ನಾನು ಏಳಲಿಲ್ಲ. ರಜೆ ಮುಗಿಯುವ ತನಕ ದಿನಾ ಹಾಗೇ ಕೂತೆ. ಆಮೇಲೆ ಗುಲ್ಬರ್ಗದ ಬಸ್ಸು ಹತ್ತಬೇಕಾಯಿತು. ಅಕ್ಕ ಬದುಕಿದಳು, ದಿನಾ ದಾಡಿ ಮಾಡಿಕೊಂಡೇ ಬದುಕಿದಳು. ಆದರೆ ಹಾಸ್ಟೆಲ್ಲಿನಲ್ಲಿ ನನಗೆ ಎಷ್ಟೋ ತಿಂಗಳು ಅವಳು ಬಚ್ಚಲಿಗೆ ಹೋಗುವ ಹೊತ್ತಿಗೇ ಎಚ್ಚರವಾಗುತ್ತಿತ್ತು. ಆ ಬಾಗಿಲ ಹೊರಗೆ ಈಗ ಯಾರೂ ಕೂತಿಲ್ಲ ಎಂದುಕೊಳ್ಳುತ್ತ, ಕೋಣೆಯ ಉಳಿದ ಹುಡುಗಿಯರು ಏಳುವುದನ್ನು ಕಾಯುತ್ತಿದ್ದೆ.